ಹಳೇ ಟ್ರ್ಯಾಕ್ಟರ್: ಯಾವ ಕೆಲಸಕ್ಕೆ ಯಾವುದು?

ಹಳೇ ಟ್ರ್ಯಾಕ್ಟರ್ ಅಂದ್ರೆ ಕೆಲವರಿಗೆ ಗುಜರಿ, ಕೆಲವರಿಗೆ ಪ್ರಾಣ. ನಾನಿವತ್ತು ಮೂರು ಟ್ರ್ಯಾಕ್ಟರ್ ಕಥೆ ಹೇಳ್ತೀನಿ. ಯಾವುದು ಯಾವ ಕೆಲಸಕ್ಕೆ ಲಾಯಕ್ಕಾಗಿತ್ತು, ಎಲ್ಲಿ ಕೈಕೊಡ್ತಿತ್ತು, ನೋಡೋಣ.

ಮೊದಲನೇದು ಫೋರ್ಡ್‌ಸನ್. 1917ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ತಯಾರಿಸೋಕೆ ಶುರು ಮಾಡಿದ್ದು. 1922ರಲ್ಲಿ ಬೆಲೆ 395 ಡಾಲರ್‌ಗೆ ಇಳೀತು. ಕುದುರೆ ನಂಬಿದ್ದ ಸಣ್ಣ ರೈತನಿಗೂ ಟ್ರ್ಯಾಕ್ಟರ್ ಎಟುಕಿತು. ಖಾಲಿ ಹೊಲ ಉಳೋಕೆ, ಬೆಲ್ಟ್ ಹಾಕಿ ಒಕ್ಕಣೆ ಯಂತ್ರ ತಿರುಗಿಸೋಕೆ ಒಳ್ಳೇದು. ಆದ್ರೆ ಎತ್ತರ ಕಮ್ಮಿ, ಬೆಳೆದ ಪೈರಿನ ನಡುವೆ ಓಡಿಸೋ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಹಿಂದಿನ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡ್ರೆ ಮುಂಭಾಗ ಮೇಲೆದ್ದು, ಇಡೀ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚ್ತಿತ್ತು. ಎಷ್ಟೋ ರೈತರು ಹೀಗೇ ಸತ್ತರು.

ಎರಡನೇದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಫಾರ್ಮಾಲ್, 1924ರದ್ದು. ಹಿಂಭಾಗ ಎತ್ತರ, ಮುಂದಿನ ಚಕ್ರಗಳು ಒಂದಕ್ಕೊಂದು ಅಂಟಿದ ಹಾಗೆ. ಹತ್ತಿ, ಮೆಕ್ಕೆಜೋಳದ ಸಾಲಿನ ನಡುವೆ ಆರಾಮಾಗಿ ಹೋಗ್ತಿತ್ತು. ಅಂದ್ರೆ ನಮ್ಮ ಎಡೆಕುಂಟೆ ಹೊಡೆಯೋ ಕೆಲಸ! ಆದ್ರೆ ಇಳಿಜಾರಲ್ಲಿ ಪಕ್ಕಕ್ಕೆ ಉರುಳೋ ಭಯ.

ಮೂರನೇದು, 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಶುರುವಾದ ಫರ್ಗ್ಯೂಸನ್ ಟಿಇ20. ಹತ್ತೇ ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಹ್ಯಾರಿ ಫರ್ಗ್ಯೂಸನ್ ನೇಗಿಲನ್ನ ಮೂರು ಕಡೆ ಜೋಡಿಸಿ, ಹೈಡ್ರಾಲಿಕ್‌ನಿಂದ ಎತ್ತಿ ಇಳಿಸೋ ಹಾಗೆ ಮಾಡಿದ್ದರು. ಉಳುವಾಗ ನೇಗಿಲಿನ ಎಳೆತ ಹಿಂದಿನ ಚಕ್ರಕ್ಕೆ ಭಾರ ಕೊಡ್ತಿತ್ತು, ಮೇಲಿನ ಕೊಂಡಿ ಮುಂಭಾಗ ಏಳದ ಹಾಗೆ ತಡೀತಿತ್ತು. ಹಗುರ ಟ್ರ್ಯಾಕ್ಟರ್, ಆದ್ರೂ ಉಳುಮೆಯಲ್ಲಿ ಗಟ್ಟಿ.

ಇದಕ್ಕೂ ಕೊರತೆ ಇತ್ತು. ಕ್ಲಚ್ ಒತ್ತಿದ್ರೆ ಚಕ್ರದ ಜತೆ ಪಿಟಿಒ, ಹೈಡ್ರಾಲಿಕ್ ಎರಡೂ ನಿಲ್ತಿದ್ವು. ಹುಲ್ಲು ಕಟ್ಟೋ ಬೇಲರ್‌ನಂಥ ಯಂತ್ರಕ್ಕೆ ಟ್ರ್ಯಾಕ್ಟರ್ ನಿಂತಾಗಲೂ ತಿರುಗೋ ಶಕ್ತಿ ಬೇಕು. ಎರಡು ಹಂತದ ಕ್ಲಚ್ ಬಂದ ಮೇಲೇ ಆ ಕಿರಿಕಿರಿ ತಪ್ಪಿದ್ದು.

ನನ್ನನ್ನ ಕೇಳಿದ್ರೆ ಮೂರರಲ್ಲಿ ಗೆದ್ದಿದ್ದು ಫರ್ಗ್ಯೂಸನ್ ಜೋಡಣೆನೇ. ಇವತ್ತು ನಮ್ಮೂರ ಟ್ರ್ಯಾಕ್ಟರ್ ಹಿಂದೆ ಕಲ್ಟಿವೇಟರ್, ರೋಟವೇಟರ್ ಕೂರೋದು ಆ ಮೂರು ಕೊಂಡಿ ಮೇಲೇ.

ಹಾಗಂತ ಅಪಾಯ ಮುಗಿದಿಲ್ಲ. ಮರದ ಬುಡ ಕೀಳೋಕೆ ಸರಪಳಿನ ಮೇಲಿನ ಕೊಂಡಿಗೆ ಕಟ್ಟಿ ಎಳೆದ್ರೆ, ಫೋರ್ಡ್‌ಸನ್ ಮಗುಚಿದ ಹಾಗೇ ಹೊಸ ಟ್ರ್ಯಾಕ್ಟರೂ ಮಗುಚುತ್ತೆ. ಯಾವಾಗಲೂ ಕೆಳಗಿನ ಡ್ರಾಬಾರ್‌ಗೇ ಕಟ್ಟಿ. ಮನೇಲಿ ಟ್ರ್ಯಾಕ್ಟರ್ ಓಡಿಸೋರಿಗೆ ಇದೊಂದು ಮಾತು ತಪ್ಪದೇ ಹೇಳಿ. ಮತ್ತೆ ಸಿಗೋಣ.