ಪಿತ್ತದ ಗಂಧೆಯೂ ಮಲೆನಾಡಿನ ಮದ್ದೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಮೈಮೇಲೆ ದದ್ದೆದ್ದು ತುರಿಸತೊಡಗಿದರೆ ಹಿರಿಯರು ಮೊದಲು ವಿಚಾರಿಸುತ್ತಿದ್ದುದು ಹೊಟ್ಟೆಯನ್ನು. ಏನು ತಿಂದೆ, ಬಾಯಿ ಕಹಿಯಾಗಿದೆಯೇ, ಪಿತ್ತ ಕೆದರಿತೇ ಎಂದು ಕೇಳುತ್ತಲೇ ದೊಡ್ಡಪತ್ರೆ ಎಲೆಯನ್ನು ಕಿವುಚಿ ಮೈಗೆ ತಿಕ್ಕುತ್ತಿದ್ದರು. ಒಣಗಿಸಿಟ್ಟ ಮುರುಗಲು ಸಿಪ್ಪೆ ನೆನೆಸಿ, ಆ ನೀರನ್ನು ಕುಡಿಸಿ, ದದ್ದಿನ ಮೇಲೂ ಹಚ್ಚುತ್ತಿದ್ದರು. ಇದು ‘ಪಿತ್ತದ ಗಂಧೆ’ಗೆ ಮನೆಮದ್ದು. ಹೀಗೆ ಏಳುವ ಗಂಧೆಯಲ್ಲಿ ಬಹುಪಾಲಿಗೂ ಯಕೃತ್ತಿಗೂ ಸಂಬಂಧವಿಲ್ಲ. ಆದರೂ ಚರ್ಮದ ತೊಂದರೆ ಕಂಡಾಗ ದೇಹದ ಒಳಗನ್ನು ವಿಚಾರಿಸುವ ಈ ರೂಢಿಯಲ್ಲಿ ಒಂದು ದೊಡ್ಡ ತಿಳಿವಳಿಕೆ ಅಡಗಿತ್ತು.

ಆ ತಿಳಿವಳಿಕೆಗೆ ಗ್ರಂಥದ ಬೆಂಬಲವೂ ಇತ್ತು. ಚರಕಸಂಹಿತೆಯು ಪಾಂಡುರೋಗದ ಅಧ್ಯಾಯದಲ್ಲಿ ಕಾಮಾಲೆಯನ್ನು ವಿವರಿಸುತ್ತ, ಪಿತ್ತದ ದಾರಿ ಕಟ್ಟಿದಾಗ ಮಲ ಅರೆದ ಎಳ್ಳಿನಂತೆ ಬಿಳಿಚುತ್ತದೆ ಎನ್ನುತ್ತದೆ. ಹೀಗೆ ಪಿತ್ತರಸದ ಹರಿವು ತಡೆದಾಗ ಮೈಯೆಲ್ಲ ಕೆರೆತ ಹತ್ತಬಹುದೆಂದು ಇಂದಿನ ವೈದ್ಯರೂ ಬಲ್ಲರು. ಇದೇ ಸೀಮೆಯನ್ನಾಳಿದ ಕೆಳದಿ ಬಸವಪ್ಪ ನಾಯಕ 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ರಾಜನೀತಿ, ಪಾಕಶಾಸ್ತ್ರಗಳ ಜೊತೆಗೆ ವೈದ್ಯವೂ ಸೇರಿದೆ.

ಕಾಮಾಲೆಗೆ ಮಲೆನಾಡು ನೆಚ್ಚಿಕೊಂಡದ್ದು ನೆಲನೆಲ್ಲಿಯನ್ನು. ಮಳೆ ಬಿದ್ದೊಡನೆ ಅಂಗಳದಂಚಿನಲ್ಲಿ ತಾನಾಗಿ ಏಳುವ ಈ ಗಿಡವನ್ನು ಬೇರುಸಹಿತ ಕಿತ್ತು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕೊಡುತ್ತಿದ್ದರು. ಜೊತೆಗೆ ಕಟ್ಟುನಿಟ್ಟಿನ ಪಥ್ಯ: ಎಣ್ಣೆ, ಖಾರ ಬಿಟ್ಟು ಗಂಜಿ ಅಥವಾ ಮಜ್ಜಿಗೆ ಅನ್ನ. ನಾಟಿ ವೈದ್ಯದ ಮೇಲಿನ ಈ ಭರವಸೆ ಇಂದಿಗೂ ಕರಗಿಲ್ಲ. ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ಮರದ ಚಕ್ಕೆಯ ಔಷಧಿಗಾಗಿ ಗುರುವಾರ, ಭಾನುವಾರಗಳಂದು ಹೊರರಾಜ್ಯಗಳ ರೋಗಿಗಳೂ ಬಂದು ಸಾಲುಗಟ್ಟುತ್ತಿದ್ದರು. ಅವರು 2020ರಲ್ಲಿ ತೀರಿಕೊಂಡರು.

ನೆಲನೆಲ್ಲಿಯ ಹೆಸರು ವಿಜ್ಞಾನದ ಅಂಗಳಕ್ಕೂ ಹೋಯಿತು. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲುಂಬರ್ಗ್ ಈ ಗಿಡದ ಬಗ್ಗೆ ಆಸಕ್ತಿ ತಳೆದರು. ಅವರೂ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರೂ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ನೆಲನೆಲ್ಲಿ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಬಿ ವೈರಸ್ಸಿನ ಗುರುತು ಮಾಯವಾಗಿತ್ತು. ಜಗತ್ತು ಬೆರಗಾಯಿತು, ಆದರೆ ಬೇರೆಡೆ ನಡೆದ ಮುಂದಿನ ಪ್ರಯೋಗಗಳಲ್ಲಿ ಅಂಥ ಫಲ ಸಿಗಲಿಲ್ಲ. ಹಳ್ಳಿಗಳಲ್ಲಿ ಮದ್ದಿನ ಕೀರ್ತಿ ಉಳಿದದ್ದಕ್ಕೆ ಕಾರಣ ಬೇರೆ. ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ.

ಹೆಪಟೈಟಿಸ್ ಸಿ ಹಾಗಲ್ಲ.

1989ರಲ್ಲಿ ಪತ್ತೆಯಾದ ಈ ವೈರಸ್ ಸಾಮಾನ್ಯವಾಗಿ ಕಣ್ಣನ್ನು ಹಳದಿ ಮಾಡುವುದಿಲ್ಲ. ರಕ್ತದಿಂದ ರಕ್ತಕ್ಕೆ ದಾಟಿ, ಹತ್ತಾರು ವರ್ಷ ಸದ್ದಿಲ್ಲದೆ ಯಕೃತ್ತನ್ನು ಗಟ್ಟಿಗೊಳಿಸುತ್ತದೆ. ಈಜಿಪ್ಟಿನಲ್ಲಿ 1950ರಿಂದ 1980ರ ದಶಕದವರೆಗೆ ಹುಳುರೋಗಕ್ಕೆಂದು ಸರ್ಕಾರವೇ ಚುಚ್ಚಿಸಿದ ಇಂಜೆಕ್ಷನ್‌ಗಳ ಸೂಜಿಯಿಂದ ಅದು ಲಕ್ಷಾಂತರ ಜನರಿಗೆ ಅಂಟಿತು. ನಮ್ಮಲ್ಲೂ ಒಂದೇ ಗಾಜಿನ ಸಿರಿಂಜನ್ನು ಹಲವರಿಗೆ ಬಳಸಿದ ಕಾಲವಿತ್ತು. ದಾನದ ರಕ್ತದಲ್ಲಿ ಸಿ ವೈರಸ್ ಹುಡುಕುವುದು ಭಾರತದಲ್ಲಿ ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಿ.

ಕಣ್ಣು ಸುಮ್ಮನಿದ್ದರೂ ಕೆಲವರಲ್ಲಿ ಚರ್ಮ ಮಾತಾಡುತ್ತದೆ. ಮಣಿಕಟ್ಟು, ಮೊಣಕಾಲ ಕೆಳಗೆ ನೇರಳೆ ಬಣ್ಣದ, ಚಪ್ಪಟೆಯಾದ, ವಿಪರೀತ ತುರಿಸುವ ಗುಳ್ಳೆಗಳೇಳುತ್ತವೆ. ಇದು ಲೈಕೆನ್ ಪ್ಲಾನಸ್. ಚಳಿಗೆ ಹೆಪ್ಪುಗಟ್ಟುವ ಪ್ರೋಟೀನುಗಳು ರಕ್ತದಲ್ಲಿ ಸೇರಿ ಕಾಲಿನ ಮೇಲೆ ಕೆಂಪು ಚುಕ್ಕೆ ಮೂಡಿಸುವುದೂ ಉಂಟು. ಬಿಸಿಲು ತಾಗಿದ ಮುಂಗೈಯಲ್ಲಿ ನೀರುಗುಳ್ಳೆ, ಎಲ್ಲಿಯೂ ದದ್ದಿಲ್ಲದೆ ಬರಿಯ ಕೆರೆತವೂ ಬರಬಹುದು.

ಇವನ್ನು ಗುರುತಿಸುವುದು ಮಲೆನಾಡಿನಲ್ಲಿ ಇನ್ನಷ್ಟು ಕಷ್ಟ. ಇಲ್ಲಿ ತುರಿಕೆಗೆ ನೂರು ಕಾರಣಗಳಿವೆ: ಇಂಬಳ, ಉಣುಗು, ಗೇರಿನ ಸೊನೆ, ಮಳೆಗಾಲದ ಕೆಸರು. ಬಾಯೊಳಗೆ ಲೈಕೆನ್ ಪ್ಲಾನಸ್‌ನ ಬಿಳಿ ಗೆರೆಗಳು ಕಂಡರೆ ಅಡಿಕೆ ನಾಡಿನಲ್ಲಿ ದೂರು ಮೊದಲು ಹೋಗುವುದು ಕವಳದ ಮೇಲೆ. ಕವಳವೂ ಬಾಯಿಯನ್ನು ಕೆಡಿಸುವುದು ನಿಜ, ಆದರೆ ಎಲ್ಲ ಬಿಳಿ ಗೆರೆಯೂ ಅದರದ್ದಲ್ಲ. ತಿಂಗಳುಗಟ್ಟಲೆ ಬಿಡದ ತುರಿಕೆಗೆ ಮುಲಾಮು ಹಚ್ಚಿಕೊಂಡೇ ಕೂತರೆ ಒಳಗಿನ ರೋಗಕ್ಕೆ ಕಾಲಾವಕಾಶ ಕೊಟ್ಟಂತೆ.

ಹೆಪಟೈಟಿಸ್ ಸಿಗೆ ಮದ್ದು ಈಗ ಕೈಗೆಟಕುವಂತಿದೆ. ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ 1,000 ಡಾಲರ್ ಬೆಲೆಯಿದ್ದ ಸೊಫೋಸ್ಬುವಿರ್ ತಯಾರಿಸಲು 2014ರಲ್ಲಿ ಭಾರತದ ಏಳು ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲೊಂದು. ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ 90ಕ್ಕೂ ಹೆಚ್ಚು ಪ್ರತಿಶತ ಜನರಲ್ಲಿ ವೈರಸ್ ಪೂರ್ತಿ ಅಳಿಯುತ್ತದೆ. 2018ರ ಜುಲೈ 28ರಂದು ಆರಂಭವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ತಪಾಸಣೆ, ಔಷಧಿ ಎರಡೂ ಉಚಿತ. ವೈರಸ್ ಹೋದ ಮೇಲೆ ಕಾಲಿನ ಕೆಂಪು ಚುಕ್ಕೆಗಳು ಬಹಳಷ್ಟು ಜನರಲ್ಲಿ ಇಳಿಯುತ್ತವೆ, ಲೈಕೆನ್ ಪ್ಲಾನಸ್ ಮಾತ್ರ ಉಳಿಯಲೂಬಹುದು. ಈ ರೋಗಕ್ಕೆ ಲಸಿಕೆ ಇನ್ನೂ ಬಂದಿಲ್ಲ. ಹಿಂದೆ ತಪಾಸಣೆಯಾಗದ ರಕ್ತ ಪಡೆದವರು, ಬಿಡದ ತುರಿಕೆಯಿಂದ ಬಳಲುವವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ನಾಡಿ ಹಿಡಿದು ಪಥ್ಯ ಹೇಳುವ ನಾಟಿ ವೈದ್ಯರೇ ಆ ಸಲಹೆ ಕೊಟ್ಟರೆ, ಆಸ್ಪತ್ರೆಗೆ ಹಿಂಜರಿಯುವ ಮನೆಗಳವರೂ ಬೇಗ ಹೊರಟಾರು.