ತುಳುನಾಡಿನ ಜಲವ್ಯವಸ್ಥೆಯೂ ಜನಸಮ್ಮತಿಯೂ

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ವೃತ್ತಾಂತವು ಶರಣಬಂಧುಗಳೆಲ್ಲರಿಗೂ ವಿದಿತವಾದುದೇ. ಒಣನಾಡಿಗೆ ಕೆರೆಯು ಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿಯೂ ನೀರಿನ ಕಳವಳವುಂಟೆಂದರೆ ಘಟ್ಟದ ಮೇಲಣ ಭಕ್ತರು ಆಶ್ಚರ್ಯಪಡದಿರರು. 1923ರಲ್ಲಿಯೂ 1974ರಲ್ಲಿಯೂ ಉಕ್ಕೇರಿ ಬಂಟ್ವಾಳದ ಪೇಟೆಯನ್ನು ಮುಳುಗಿಸಿದ ನೇತ್ರಾವತಿಯು 2016ರ ಬೇಸಗೆಯಲ್ಲಿ ಬತ್ತಲು, ತುಂಬೆಯ ಅಣೆಕಟ್ಟನ್ನೇ ನಂಬಿದ್ದ ಮಂಗಳೂರು ನಗರಕ್ಕೆ ಕುಡಿಯುವ ನೀರೇ ದುರ್ಲಭವಾಯಿತು.

ಮಳೆಯ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನೊಳಗೆ ಸುರಿದು, ಇಳಿಜಾರಿನಲ್ಲಿ ಕಡಲಿಗೆ ಓಡಿಬಿಡುವುದು. ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಮೂಡಬಿದಿರೆಯಲ್ಲಿ 18 ಬಸದಿಗಳೊಡನೆ 18 ಕೆರೆಗಳೂ ಇದ್ದುವೆಂದು ಪ್ರತೀತಿ. ತೋಡುಗಳಲ್ಲಿ ಹರಿವು ತಗ್ಗಿದೊಡನೆ ಕಲ್ಲು, ಮಣ್ಣು, ಅಡಕೆಮರದ ಕಾಂಡ, ಸೊಪ್ಪುಗಳಿಂದ ಅಡ್ಡಲಾಗಿ 'ಕಟ್ಟ'ವನ್ನು ಹಾಕುತ್ತಿದ್ದರು. ಎಲ್ಲಿ ಹಾಕುವುದು, ಎಷ್ಟೆತ್ತರ, ಯಾವ ಮನೆಯಿಂದ ಎಷ್ಟು ಆಳು, ಯಾರ ಗದ್ದೆಗೆ ಮೊದಲು ನೀರು ಎಂಬಿವೆಲ್ಲವೂ ಆ ತೋಡಿನ ಇಕ್ಕೆಲದವರು ಕೂಡಿ ನಿಶ್ಚಯಿಸತಕ್ಕ ವಿಷಯಗಳು. ಅಲ್ಲಿ ಜಗಳವೇ ಇರಲಿಲ್ಲವೆಂದು ಹೇಳಲಾರೆವು. ಆದರೆ ಮೇಲಿನವನು ತಡೆದ ನೀರಿಗೆ ಕೆಳಗಿನವನು ಆತನ ಅಂಗಳದಲ್ಲಿಯೇ ನಿಂತು ಲೆಕ್ಕ ಕೇಳಬಹುದಾಗಿತ್ತು. ಮುಂಗಾರಿಗೆ ಕಟ್ಟವು ಕೊಚ್ಚಿಹೋಗುವುದು; ಮರುವರ್ಷ ಪುನಃ ಕೂಡಬೇಕು.

ಒಬ್ಬೊಂಟಿಗನ ಸಾಹಸವೂ ಈ ನಾಡಿನಲ್ಲಿ ಕಡಿಮೆಯದಲ್ಲ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಗುಡ್ಡವನ್ನು ಅಡ್ಡಕ್ಕೆ ಕೊರೆದು, ಅನೇಕ ಸುರಂಗಗಳು ವಿಫಲವಾದರೂ ಎದೆಗುಂದದೆ ನೀರನ್ನು ಪಡೆದರು. 2022ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಆದರೆ ಸುರಂಗವು ಒಂದು ತೋಟವನ್ನು ತಣಿಸೀತು. ಹೊಳೆಯಾದರೋ ಒಬ್ಬನ ಸ್ವತ್ತಲ್ಲ.

ಆ ಹೊಳೆಯ ವಿಷಯದಲ್ಲಿಯೇ ಕೂಡಿ ಆಲೋಚಿಸುವ ಪದ್ಧತಿಯು ಸಡಿಲವಾಯಿತು. ತುಂಬೆಯಲ್ಲಿ 7 ಮೀಟರ್ ಎತ್ತರದ ಹೊಸ ಅಣೆಕಟ್ಟು ಎದ್ದಿತು. ನಗರಕ್ಕೆ ನೀರು ಬೇಕಾದುದು ನಿಜವಾದರೂ, ನೀರನ್ನು ಏರಿಸಿದಷ್ಟೂ ಮುಳುಗುವ ಜಮೀನು ಬಂಟ್ವಾಳದ ಕೃಷಿಕರದು. ಎತ್ತಿನಹೊಳೆಯ ಯೋಜನೆಯು ಇನ್ನೂ ದೊಡ್ಡದು. ಸಕಲೇಶಪುರದ ಕಡೆಯ ಹಳ್ಳಗಳಿಗೆ 8 ಕಡೆ ಒಡ್ಡು ಹಾಕಿ, ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರತಕ್ಕ ಮಳೆಗಾಲದ ನೀರಿನಲ್ಲಿ 24.01 ಟಿಎಂಸಿಯನ್ನು ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಸಂಕಲ್ಪವಿದು. ಆ ಜಿಲ್ಲೆಗಳ ಬಾಯಾರಿಕೆಯು ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವುದು ಶರಣಧರ್ಮವೂ ಅಲ್ಲ. ಆದರೆ ಕುಡಿಯುವ ನೀರಿನ ಯೋಜನೆಯೆಂಬ ಕಾರಣದಿಂದ ಇದಕ್ಕೆ 2006ರ ಪರಿಸರ ಅಧಿಸೂಚನೆಯು ಅನ್ವಯಿಸಲಿಲ್ಲ. ಅದರಲ್ಲಿ ವಿಧಿಸಿರುವ ಸಾರ್ವಜನಿಕ ಅಹವಾಲಿನ ಕಟ್ಟುಪಾಡೂ ಉಳಿಯಲಿಲ್ಲ. ಸಭೆಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆಗಳನ್ನು ಕರಾವಳಿಯ ಜನರು ಬೀದಿಯ ಪ್ರತಿಭಟನೆಗಳಲ್ಲಿ ಕೇಳಬೇಕಾಯಿತು, ಹಸುರು ನ್ಯಾಯಾಧಿಕರಣದ ವರೆಗೂ ವ್ಯಾಜ್ಯವು ಹೋಯಿತು. 2012ರಲ್ಲಿ ಸುಮಾರು 8,323 ಕೋಟಿ ರೂಪಾಯಿಗಳೆಂದಿದ್ದ ಅಂದಾಜು ಮುಂದೆ 23,251 ಕೋಟಿಗೆ ಏರಿತು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಹೊಂದಿದ ಈ ಕಾಮಗಾರಿಯ ಪ್ರಥಮ ಹಂತವು 2024ನೆಯ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಉದ್ಘಾಟನೆಗೊಂಡಿತು.