ಜಮಖಂಡಿಗೆ ಬಂದಿದ್ದ ವಿಜ್ಞಾನದ ಮೇಷ್ಟ್ರು

1995ರಲ್ಲಿ ಮುಧೋಳದಲ್ಲಿ ಸಾಹಿತ್ಯ ಸಮ್ಮೇಳನ, ಎಚ್.ಎಲ್. ನಾಗೇಗೌಡರು ಅಧ್ಯಕ್ಷರು. ಚಿಮ್ಮಡದಿಂದ ನಾವು ಮೂವರು ಗೆಳೆಯರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಭಾಷಣಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕದ ಮಳಿಗೆ. ನನಗೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿ ಬೇಕಿತ್ತು. "ಲೇ, ಬುಕ್ಕು ತಗೊಂಡ್ರ ಬಸ್ಸಿಗೆ ರೊಕ್ಕ ಎಲ್ಲೈತಿ?" ಅಂದ ಗೆಳೆಯನೇ ಕೊನೆಗೆ ಅಂಗಿ ಕಿಸೆಯಿಂದ ಮಡಚಿದ ಹತ್ತರ ನೋಟು ತೆಗೆದುಕೊಟ್ಟ.

ನಮ್ಮ ಸೀಮೆಗೆ ಕನ್ನಡದಲ್ಲಿ ವಿಜ್ಞಾನ ಓದುವ ಈ ಹುಚ್ಚು ಹೊಸದಲ್ಲ ಎಂದು ತಿಳಿದದ್ದು ಆಮೇಲೆ. 1937ರಲ್ಲಿ, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಕವಿಯಲ್ಲ, ಕಾದಂಬರಿಕಾರರಲ್ಲ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದವರು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ವಿಜ್ಞಾನಕ್ಕೆ ಕನ್ನಡದ ಮಾತು ಕಟ್ಟಿಕೊಟ್ಟವರು. ಪತ್ರಿಕೆ ಎರಡು ವರ್ಷದಲ್ಲೇ ನಿಂತಿತು. ಆದರೆ ಆ ಕೆಲಸ ನನ್ನ ಕಣ್ಣಿಗೆ ಯಾವ ಮಹಾಕಾವ್ಯಕ್ಕೂ ಕಡಿಮೆಯದಲ್ಲ.

ಜಮಖಂಡಿ ಸೀಮೆಯ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಗುರುಗಳೇ, ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಬೆಳ್ಳಾವೆಯವರ ಹೆಸರು ಹೇಳಿರಿ.